ಲೆಕ್ಕ ಹೇಳದ ಫೋಟೋ

ಮೊನ್ನೆ ಸಂಕ್ರಾಂತಿಗೆ ಹಟ್ಟಿಗೆ ಹೋಗಿದ್ದೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮುರಿದು ಎರಡನೇ ತುತ್ತು ಬಾಯಿಗಿಟ್ಟಿರಲಿಲ್ಲ, ಬಾಗಿಲಲ್ಲಿ ಒಬ್ಬ ಕಾಕಾ ಬಂದು ನಿಂತರು. ಅಪ್ಪನ ಜೊತೆ ಇಪ್ಪತ್ತು ವರ್ಷ ಮಲ್ಲಪ್ಪ ಶಾಫ್ಟಿನಲ್ಲಿ ಇಳಿದು ಹತ್ತಿದವರು. ರಿಟೈರ್ ಆದ ಮೇಲೆ ಸಿಂಧನೂರು ಕಡೆ ಎಡದಂಡೆ ಕಾಲುವೆ ಕೆಳಗಿನ ನಾಲ್ಕು ಎಕರೆ ಗದ್ದೆ ನೋಡಿಕೊಂಡಿದ್ದಾರೆ. ಅವರ ಹಿಂದೆ ಮಗ. ಮಗನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು.

ಫೈಲಿನಲ್ಲಿ ನಾಲ್ಕು ಕಾಗದ ಇದ್ದವು. ಅಮೆರಿಕದ ಒಂದು ವಿಶ್ವವಿದ್ಯಾಲಯದ ಪ್ರವೇಶ ಪತ್ರ. ಕನ್ಸಲ್ಟೆನ್ಸಿಯೊಂದರ ಬಣ್ಣಬಣ್ಣದ ಕರಪತ್ರ. ಬ್ಯಾಂಕಿನ ಸಾಲದ ಅರ್ಜಿ. ಮತ್ತು ಆ ನಾಲ್ಕು ಎಕರೆಯ ಪಹಣಿ.

"ತಮ್ಮಾ, ಇವ ಅಮೆರಿಕಾಕ್ಕ ಹೊಂಟಾನ. ನಿನ್ನ ಫೋಟೋ ನೋಡಿದಾಗಿಂದ ಒಂದೇ ಹಠ. ನೀ ಹೂಂ ಅಂದ್ರ ನಾಳೆ ಬ್ಯಾಂಕಿಗೆ ಹೋಗಿ ಸಹಿ ಮಾಡ್ತೀನಿ" ಅಂದರು ಕಾಕಾ.

ಯಾವ ಫೋಟೋ ಅಂತ ಕೇಳಿದೆ. ಹುಡುಗ ಮೊಬೈಲ್ ತೆಗೆದು ತೋರಿಸಿದ. 2017ರ ಜೂನ್ ತಿಂಗಳ ನನ್ನದೇ ಫೋಟೋ. ತಲೆಗೆ ಬಿಳಿ ಹೆಲ್ಮೆಟ್, ಮೈಮೇಲೆ ಹೊಳೆಯುವ ಜಾಕೆಟ್, ಹಿಂದೆ ನನಗಿಂತ ಎತ್ತರದ ಚಕ್ರ ಇರುವ ಹಳದಿ ಟ್ರಕ್ಕು. ಕೆಳಗೆ ನಾನೇ ಬರೆದಿದ್ದೆ: "ಹಟ್ಟಿಯಿಂದ ನೆವಾಡಾಕ್ಕೆ. ಚಿನ್ನದ ಗಣಿಯಲ್ಲಿ ಇಂಟರ್ನ್‌ಶಿಪ್‌ನ ಮೊದಲ ದಿನ." ಏಳೂವರೆ ವರ್ಷದಿಂದ ಆ ಫೋಟೋ ನಮ್ಮೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ತಿರುಗುತ್ತಾ ಇದೆಯಂತೆ. ಯಾರೋ ಪುಣ್ಯಾತ್ಮರು ಮೇಲೆ "ನಮ್ಮ ಹಟ್ಟಿಯ ಬಂಗಾರ" ಅಂತ ಬೇರೆ ಬರೆದಿದ್ದಾರೆ.

ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಯಾಕೆಂದರೆ ಆ ಫೋಟೋದಲ್ಲಿ ಇರೋದೆಲ್ಲಾ ನಿಜ, ಆದರೆ ಅದು ಹೇಳೋದು ಸುಳ್ಳು. ಆ ಸುಳ್ಳಿಗೆ ಈಗ ನಾಲ್ಕು ಎಕರೆ ಗದ್ದೆ ಒತ್ತೆ ಬೀಳುವುದರಲ್ಲಿತ್ತು.

ಈ ಬರಹ ಕನ್ಸಲ್ಟೆನ್ಸಿಗಳ ವಿರುದ್ಧ ಅಂತ ಓದಬೇಡಿ. ಅವರು ವ್ಯಾಪಾರಕ್ಕೆ ಕೂತವರು, ಮಾಲು ಮಾರುತ್ತಾರೆ. ನನ್ನ ಜಗಳ ನನ್ನ ಜೊತೆ, ನನ್ನಂತೆ ಹೋಗಿ ಬಂದವರ ಜೊತೆ. ಅಲ್ಲಿಂದ ಫೋಟೋ ಕಳಿಸಿದೆವು, ಲೆಕ್ಕ ಕಳಿಸಲಿಲ್ಲ. ಅವರ ಅಂಗಡಿಗೆ ಪುಕ್ಕಟೆ ಬೋರ್ಡು ಬರೆದುಕೊಟ್ಟವರು ನಾವೇ.

ಹಂಗಾಗಿ ಮೊದಲು ನನ್ನ ಲೆಕ್ಕ.

2016ರ ಆಗಸ್ಟಿನಲ್ಲಿ ಎಂ.ಎಸ್. ಓದಲು ಹೋದೆ. ಗಣಿ ವಿಷಯ. ಬ್ಯಾಂಕಿನ ಸಾಲ 22 ಲಕ್ಷ, ಬಡ್ಡಿ ಶೇಕಡಾ ಹನ್ನೊಂದೂವರೆ. ಲಿಂಗಸುಗೂರಿನಲ್ಲಿ ಅಪ್ಪ ಕಟ್ಟಿಸಿದ ಮನೆ ಒತ್ತೆ. ಅದು ಸಾಲದೆ ಅಪ್ಪನ ಪಿಎಫ್‌ನಿಂದ ಒಂದಷ್ಟು. ಎರಡನೇ ವರ್ಷ ಒಬ್ಬ ಪ್ರೊಫೆಸರ್ ತಮ್ಮ ಸಂಶೋಧನೆಗೆ ಸಹಾಯಕನಾಗಿ ತೆಗೆದುಕೊಂಡರು, ಫೀಯಲ್ಲಿ ದೊಡ್ಡ ಪಾಲು ಮಾಫಿ ಆಯಿತು. ಅದಾಗದಿದ್ದರೆ ಸಾಲ 35 ಲಕ್ಷ ದಾಟುತ್ತಿತ್ತು. ಆ ಕೆಲಸ ಸಿಕ್ಕಿದ್ದು ನನ್ನ ಜಾಣತನದಿಂದ ಅಲ್ಲ. ಮೊದಲು ಅದರಲ್ಲಿದ್ದ ಹುಡುಗ ಮಧ್ಯದಲ್ಲಿ ಬಿಟ್ಟು ಹೋದ, ನಾನು ಅವತ್ತು ಆ ಬಾಗಿಲ ಮುಂದೆ ಇದ್ದೆ.

ಮೊದಲ ವರ್ಷ ಕ್ಯಾಂಪಸ್ಸಿನ ಮೆಸ್‌ನಲ್ಲಿ ತಟ್ಟೆ ತೊಳೆದೆ. ವಿದ್ಯಾರ್ಥಿಗೆ ಕೊಡುವ ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ ಮಾತ್ರ ದುಡಿಯಬಹುದು. ತಟ್ಟೆ ತೊಳೆಯೋದರಲ್ಲಿ ಅವಮಾನ ಏನೂ ಇಲ್ಲ, ಅಪ್ಪ ಕಲ್ಲುಪುಡಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದ ಹುಡುಗ ನಾನು. ಅವ್ವ ಫೋನಿನಲ್ಲಿ "ಏನ್ ಮಾಡಾಕತ್ತೀಪಾ" ಅಂದಾಗ "ಲ್ಯಾಬಿನಾಗ ಅದೀನವ್ವಾ" ಅಂದಿದ್ದೇ ಅವಮಾನ.

ಇಂಟರ್ನ್‌ಶಿಪ್‌ಗೆ 74 ಕಡೆ ಅರ್ಜಿ ಹಾಕಿದೆ. ಬಹಳಷ್ಟು ಅರ್ಜಿಗಳಲ್ಲಿ ಒಂದು ಪ್ರಶ್ನೆ ಇರುತ್ತದೆ: ಈಗಾಗಲಿ ಮುಂದಾಗಲಿ ನಿಮ್ಮ ಕೆಲಸದ ವೀಸಾಕ್ಕೆ ಕಂಪನಿ ಹೊಣೆ ಹೊರಬೇಕಾಗುತ್ತದೆಯೇ? ಹೌದು ಅಂತ ಒತ್ತಬೇಕು, ಸುಳ್ಳು ಹೇಳುವಂತಿಲ್ಲ. ಒತ್ತಿದ ಅರ್ಧ ಗಂಟೆಯೊಳಗೆ "ನಿಮ್ಮ ಆಸಕ್ತಿಗೆ ಧನ್ಯವಾದ" ಅನ್ನೋ ಇಮೇಲ್ ಬಂದು ಬೀಳುತ್ತದೆ. ರಾತ್ರಿ ಎರಡಕ್ಕೂ ಬಂದಿದೆ, ಅಂದರೆ ಓದಿ ನಿರಾಕರಿಸಿದವರು ಮನುಷ್ಯರಲ್ಲ. 74ರಲ್ಲಿ ಮೂರು ಕಡೆ ಸಂದರ್ಶನ, ಒಂದು ಕಡೆ ಕೆಲಸ. ಆ ಒಂದಕ್ಕೂ ಮೊದಲು ಅಲ್ಲಿದ್ದ ಸೀನಿಯರ್ ಒಬ್ಬ ನನ್ನ ಹೆಸರು ಹೇಳಿದ್ದ.

ಹನ್ನೆರಡು ವಾರ, ವಾರಕ್ಕೆ 40 ಗಂಟೆ, ಗಂಟೆಗೆ 22 ಡಾಲರ್. ಒಟ್ಟು 10,560 ಡಾಲರ್. ಕೇಳಿದರೆ ಕಣ್ಣು ಅರಳುತ್ತದೆ, ನನಗೂ ಅರಳಿತ್ತು. ತೆರಿಗೆ ಕಡಿದ ಮೇಲೆ 9,900. ಮೂರು ತಿಂಗಳ ಬಾಡಿಗೆ, ಊಟ 2,900. ಹೋಗಿ ಬರುವ ಖರ್ಚು, ಕಬ್ಬಿಣದ ಮೂತಿಯ ಬೂಟು, ಪಾಲುದಾರಿಕೆಯಲ್ಲಿ ತೆಗೆದುಕೊಂಡ ಹಳೇ ಕಾರಿನ ನನ್ನ ಪಾಲು, ಎಲ್ಲಾ ಸೇರಿ 1,300. ಇದರ ಮೇಲೆ ಇನ್ನೊಂದಿದೆ. ಈ ತರಬೇತಿಗೆ ಅನುಮತಿ ಕೊಡುವ ವ್ಯವಸ್ಥೆಗೆ ಸಿಪಿಟಿ ಅನ್ನುತ್ತಾರೆ. ಅದು ಓದಿನ ಭಾಗ ಅಂತ ತೋರಿಸಲು ನಾನು ಓದುತ್ತಿದ್ದ ಕಡೆ ಒಂದು ಕ್ರೆಡಿಟ್‌ಗೆ ಹೆಸರು ಬರೆಸಿ ಫೀ ಕಟ್ಟಬೇಕಿತ್ತು: 700 ಡಾಲರ್. ಕ್ಲಾಸಿಲ್ಲ, ಪಾಠವಿಲ್ಲ, ಮೇಷ್ಟ್ರಿಲ್ಲ, ಕೊನೆಗೆ ಐದು ಪುಟದ ವರದಿ. ನಾನು ಮೈಮುರಿದು ದುಡಿಯಲು ನಾನೇ ದುಡ್ಡು ಕಟ್ಟಿದೆ.

ಉಳಿದದ್ದು 5,000 ಡಾಲರ್. ಆಗಿನ ದರದಲ್ಲಿ ಸುಮಾರು ಮೂರೂಕಾಲು ಲಕ್ಷ ರೂಪಾಯಿ. ಪೂರ್ತಿ ಸಾಲ ಕೈಗೆ ಬಂದ ಮೇಲೆ ನನ್ನ ಬಡ್ಡಿಯೇ ವರ್ಷಕ್ಕೆ ಎರಡೂವರೆ ಲಕ್ಷ. ಅಂದರೆ ನೀವೆಲ್ಲಾ ಲೈಕ್ ಒತ್ತಿದ ಆ ಹಳದಿ ಟ್ರಕ್ಕಿನ ಫೋಟೋ ನನ್ನ ಸಾಲದ ಒಂದು ವರ್ಷದ ಬಡ್ಡಿ, ಮೇಲೊಂದಿಷ್ಟು ಚಿಲ್ಲರೆ. ಅಸಲಿನಿಂದ ಒಂದು ಹಿಡಿ ಮಣ್ಣೂ ಕದಲಲಿಲ್ಲ.

ಆದರೆ ಕಾಕಾನಿಗೆ ಕೊಟ್ಟ ಕರಪತ್ರದಲ್ಲಿ ಏನಿತ್ತು ಗೊತ್ತೇನ್ರಿ? "ಇಂಟರ್ನ್‌ಶಿಪ್ ಆದಾಯದಿಂದಲೇ ಫೀ ವಾಪಸ್!" ಕೊನೆಗೊಂದು ಆಶ್ಚರ್ಯಸೂಚಕ ಚಿಹ್ನೆ. ಅದೊಂದೇ ಆ ವಾಕ್ಯದಲ್ಲಿ ಪ್ರಾಮಾಣಿಕವಾಗಿತ್ತು.

ಮುಂದಿನ ಕಥೆಯನ್ನೂ ಹೇಳಿಬಿಡುತ್ತೇನೆ. ಓದು ಮುಗಿದ ಮೇಲೆ ಒಂದು ವರ್ಷ ಅಲ್ಲೇ ಕೆಲಸ ಮಾಡಲು ಬಿಡುತ್ತಾರೆ, ಅದು ಓಪಿಟಿ. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ ಎರಡು ವರ್ಷ. ಮೂರು ವರ್ಷ ಅಂದರೆ ಬಹಳ ಅನಿಸುತ್ತದೆ. ಆದರೆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಕೂಡುವಂತಿಲ್ಲ. ನನಗೆ ಕೆಲಸ ಸಿಕ್ಕಿದ್ದು 78ನೇ ದಿನ. ಆ ಎಪ್ಪತ್ತೆಂಟು ದಿನ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ಗೆರೆ ಎಳೆದಿದ್ದೇನೆ. ಅದರ ಫೋಟೋ ಹಾಕಲಿಲ್ಲ.

ಅಲ್ಲಿಂದ ಮುಂದೆ ಉಳಿಯಬೇಕೆಂದರೆ ಎಚ್-1ಬಿ ವೀಸಾ. ಅದು ಲಾಟರಿ. ವರ್ಷಕ್ಕೆ 65,000, ಅಮೆರಿಕದಲ್ಲಿ ಸ್ನಾತಕೋತ್ತರ ಓದಿದವರಿಗೆ ಮತ್ತೆ 20,000. ನನ್ನ ಹೆಸರು ಮೂರು ಸಲ ಹಾಕಿದರು, 2019, 2020, 2021. ಮೂರೂ ಸಲ ಬರಲಿಲ್ಲ. 2021ರ ಜುಲೈಯಲ್ಲಿ ಎರಡು ಸೂಟ್‌ಕೇಸ್ ಹಿಡಿದು ವಾಪಸ್ ಬಂದೆ.

ಇಲ್ಲಿ ಅವ್ವ ಓಣಿಯವರಿಗೆಲ್ಲಾ "ಅಪ್ಪ-ಅವ್ವನ್ನ ನೋಡ್ಕೊಳ್ಳಾಕ ಅಷ್ಟು ದೊಡ್ಡ ನೌಕರಿ ಬಿಟ್ಟು ಬಂದಾನ ನನ್ನ ಮಗ" ಅಂದಳು. ಗುಡಿಯಲ್ಲಿ ಶಾಲು ಹೊದಿಸಿದರು. ಶಾಲಿನ ಕೆಳಗೆ ನಾನು ಸುಮ್ಮನೆ ನಿಂತಿದ್ದೆ. ಲಾಟರಿಯಲ್ಲಿ ಹೆಸರು ಬಂದಿದ್ದರೆ ಬರುತ್ತಿರಲಿಲ್ಲ ಅಂತ ಒಂದು ಮಾತು ಹೇಳಲಿಲ್ಲ. ಅವತ್ತು ಹೇಳಿದ್ದರೆ ಮೊನ್ನೆ ಕಾಕಾ ಆ ಫೈಲು ಹಿಡಿದು ನನ್ನ ಒಂದು ಹೂಂಗೋಸ್ಕರ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.

ಹಟ್ಟಿಯವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಒಂದು ಟನ್ ಕಲ್ಲು ಮೇಲೆ ತಂದು, ಒಡೆದು, ಅರೆದು, ಸೈನೈಡಿನಲ್ಲಿ ತೊಳೆದರೆ ಕೊನೆಗೆ ಸಿಗೋದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲಾ ಊರ ಬದಿಯ ಆ ಬೂದುಬಣ್ಣದ ಟೇಲಿಂಗ್ ಗುಡ್ಡ. ಉಂಗುರ ತೋರಿಸಿ "ನೋಡ್ರಿ, ನಮ್ಮೂರ ಕಲ್ಲೆಲ್ಲಾ ಹಿಂಗೇ ಇರ್ತದ" ಅಂತ ನಮ್ಮಲ್ಲಿ ಯಾರಾದರೂ ಹೇಳಿದರೆ ಚಿಕ್ಕ ಹುಡುಗರೂ ನಗುತ್ತಾರೆ. ಆದರೆ ಅಮೆರಿಕದ ವಿಷಯ ಬಂದಾಗ ಮಾತ್ರ ಉಂಗುರ ನೋಡಿ ಹೊಲ ಒತ್ತೆ ಇಡುತ್ತೇವೆ. ಆ ಗುಡ್ಡ ಎಲ್ಲಿದೆ ಅಂತ ಕೇಳೋದಿಲ್ಲ.

ಗುಡ್ಡ ಎಷ್ಟು ದೊಡ್ಡದು ಅಂತ ನೋಡೋಣ. 2023-24ರಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನೂ ಹಿಂದೆ ಹಾಕಿದೆವು ಅಂತ ಪೇಪರುಗಳಲ್ಲಿ ಹೆಮ್ಮೆಯಿಂದ ಬಂತು. ಸರಿ. ಎಚ್-1ಬಿ ಎಷ್ಟು? ಆಗಲೇ ಹೇಳಿದ 85,000, ಅದೂ ಇಡೀ ಜಗತ್ತಿಗೆ. 2024ರ ಆರ್ಥಿಕ ವರ್ಷದ ಲಾಟರಿಗೆ 7.8 ಲಕ್ಷ ಹೆಸರು ನೋಂದಣಿ ಆಗಿದ್ದವು. ಒಬ್ಬನ ಹೆಸರನ್ನೇ ಹಲವು ಕಂಪನಿಗಳು ಹಾಕಿದ್ದವು ಅನ್ನೋದೂ ನಿಜ, ಆ ಆಟಕ್ಕೆ ಮುಂದಿನ ವರ್ಷ ಕಡಿವಾಣ ಹಾಕಿದರು. ಎಷ್ಟೇ ಕಳೆದರೂ ಬಾಗಿಲು ಸಣ್ಣದು, ಮುಂದೆ ನಿಂತವರು ಬಹಳ.

ಈಗ ಕಾಕಾನ ಫೈಲಿಗೆ ಬರೋಣ. ಎರಡು ವರ್ಷಕ್ಕೆ ಒಟ್ಟು ಖರ್ಚು 45 ಲಕ್ಷ. ಶೇಕಡಾ 11 ಬಡ್ಡಿ ಹಿಡಿದರೂ ವರ್ಷಕ್ಕೆ ಐದು ಲಕ್ಷದ ಹತ್ತಿರ. ಓದು ಮುಗಿಯುವವರೆಗೆ ಕಂತು ಕಟ್ಟಬೇಕಿಲ್ಲ ಅಂತ ಬ್ಯಾಂಕಿನವರು ಹೇಳಿದ್ದಾರೆ. ಅದು ಖರೆ. ಆದರೆ ಬಡ್ಡಿ ಮಲಗೋದಿಲ್ಲ, ಕಟ್ಟದಿದ್ದರೆ ಬೆಳೆಯುತ್ತಾ ಹೋಗುತ್ತದೆ ಅಂತ ಕಾಕಾನಿಗೆ ಯಾರೂ ಬಿಡಿಸಿ ಹೇಳಿಲ್ಲ. ನಾನು ಹೋಗುವಾಗ ಡಾಲರಿಗೆ 67 ರೂಪಾಯಿ, 2025ರ ಜನವರಿಯಲ್ಲಿ 86. ಐವತ್ತು ಸಾವಿರ ಡಾಲರ್ ಅಂದರೆ ಆಗ 33.5 ಲಕ್ಷ, 86ರ ದರದಲ್ಲಿ 43 ಲಕ್ಷ. ಓದು ಅದೇ, ಸಾಲ ಮಾತ್ರ ಒಂಬತ್ತೂವರೆ ಲಕ್ಷ ಹೆಚ್ಚು. ಒತ್ತೆಗೆ ಇರೋದು ಗದ್ದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋದ ರಾತ್ರಿ ಸಿಂಧನೂರಿನ ಕಡೆ ಯಾರಿಗೆ ನಿದ್ದೆ ಬಂದಿತ್ತು? ನೀರು ಬಂದರೆ ಅದು ಗದ್ದೆ, ಬರದಿದ್ದರೆ ಬರೀ ಪಹಣಿ.

ಇದಕ್ಕಿಂತ ನನ್ನ ಎದೆ ಝಲ್ಲೆನಿಸಿದ್ದು ಕರಪತ್ರದ ಇನ್ನೊಂದು ಸಾಲು: "ಡೇ ಒನ್ ಸಿಪಿಟಿ ಲಭ್ಯ." ಅಂದರೆ ಕಾಲೇಜಿಗೆ ಸೇರಿದ ಮೊದಲ ದಿನದಿಂದಲೇ ಹೊರಗೆ ಕೆಲಸ ಮಾಡಬಹುದು ಅಂತ. ನಿಯಮ ಹೇಳೋದು ಸಾಮಾನ್ಯವಾಗಿ ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿದ ಮೇಲೆ ಅಂತ. ಸ್ನಾತಕೋತ್ತರದಲ್ಲಿ ಕೋರ್ಸಿನ ಸ್ವರೂಪವೇ ತಕ್ಷಣದ ತರಬೇತಿ ಬೇಡುವಂತಿದ್ದರೆ ಮಾತ್ರ ವಿನಾಯಿತಿ. ಆ ಸಣ್ಣ ಕಿಂಡಿಯನ್ನೇ ಹೆಬ್ಬಾಗಿಲು ಅಂತ ಮಾರುವವರಿದ್ದಾರೆ.

ಮಾರಿದ್ದರ ಫಲ ಏನಾಯಿತು ಅಂತ ದಾಖಲೆ ಇದೆ. ಕ್ಯಾಲಿಫೋರ್ನಿಯಾದ ಪ್ಲೆಸಂಟನ್‌ನಲ್ಲಿ ಟ್ರೈ-ವ್ಯಾಲಿ ಯೂನಿವರ್ಸಿಟಿ ಅಂತ ಒಂದಿತ್ತು. 2011ರ ಜನವರಿಯಲ್ಲಿ ಅಲ್ಲಿನ ಅಧಿಕಾರಿಗಳು ದಾಳಿ ಮಾಡಿದರು. ಓದುತ್ತಿದ್ದವರು ಸುಮಾರು ಒಂದೂವರೆ ಸಾವಿರ, ಬಹುಪಾಲು ಭಾರತದವರು, ಅದರಲ್ಲೂ ಆಗಿನ ಆಂಧ್ರದವರು. ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳ ವಿಳಾಸ ಒಂದೇ ಅಪಾರ್ಟ್‌ಮೆಂಟ್ ಅಂತ ಕಾಗದದಲ್ಲಿತ್ತು! ಹುಡುಗರೆಲ್ಲಾ ದೇಶದ ಬೇರೆ ಬೇರೆ ಮೂಲೆಯಲ್ಲಿ ಸಿಪಿಟಿ ಹೆಸರಿನಲ್ಲಿ ದುಡಿಯುತ್ತಿದ್ದರು. ಕೆಲವರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದರು, ದನಕ್ಕೆ ಕಟ್ಟಿದಂತೆ. ನಮ್ಮ ಸರ್ಕಾರ ಪ್ರತಿಭಟಿಸಿತು. ಆ ಯೂನಿವರ್ಸಿಟಿ ನಡೆಸುತ್ತಿದ್ದ ಹೆಂಗಸಿಗೆ 2014ರಲ್ಲಿ ಹದಿನಾರು ವರ್ಷಕ್ಕೂ ಹೆಚ್ಚು ಜೈಲು ಶಿಕ್ಷೆ ಆಯಿತು. ಹುಡುಗರ ಸಾಲಕ್ಕೆ ಯಾರು ಹೊಣೆ? ಅವರ ಅಪ್ಪಂದಿರೇ.

2019ರದ್ದು ಇನ್ನೂ ವಿಚಿತ್ರ. ಮಿಶಿಗನ್‌ನಲ್ಲಿ ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್ ಅಂತ ಒಂದು. ಅದನ್ನು ತೆರೆದವರೇ ಅಮೆರಿಕದ ಅಧಿಕಾರಿಗಳು, ಬಲೆ ಬೀಸಲು. ಮೇಷ್ಟ್ರಿಲ್ಲ, ತರಗತಿಯಿಲ್ಲ, ಫೀ ಮಾತ್ರ ಇತ್ತು. ಸುಮಾರು 600 ಜನ ಸೇರಿದ್ದರು. ಹೆಚ್ಚಿನವರು ನಮ್ಮವರೇ. ಬಲೆಗೆ ಮೀನು ಹೊಡೆದು ತಂದ ದಲ್ಲಾಳಿಗಳೂ ನಮ್ಮವರೇ, ಎಂಟು ಜನರ ಮೇಲೆ ಕೇಸು ಬಿತ್ತು. ಹುಡುಗರಿಗೆ ಗೊತ್ತಿದ್ದೇ ಸೇರಿದರು ಅಂತ ಸರ್ಕಾರದ ವಾದ. ಕೆಲವರಿಗೆ ಗೊತ್ತಿರಬಹುದು. ಆದರೆ ತಲೆ ಮೇಲೆ ಅಷ್ಟು ಸಾಲ, ಕೈಯಲ್ಲಿ ಮುಗಿಯುತ್ತಿರುವ ವೀಸಾ, ಬರಿಗೈಯಲ್ಲಿ ಊರಿಗೆ ಹೋಗಿ ಮುಖ ತೋರಿಸುವ ಹೆದರಿಕೆ, ಇವು ಮೂರೂ ಇದ್ದಾಗ ಮನುಷ್ಯ ಯಾವ ಬಾಗಿಲು ತೆರೆದಿದೆಯೋ ಅದರೊಳಗೆ ನುಗ್ಗುತ್ತಾನೆ. ಆ ಮೂರನೇ ಹೆದರಿಕೆಗೆ ನಮ್ಮ ಫೋಟೋಗಳದ್ದೂ ಪಾಲಿದೆ ಅನ್ನೋದೇ ನನ್ನ ಮಾತು.

ಇಷ್ಟು ಹೇಳಿದ ಮೇಲೆ ಕಾಕಾನ ಮಗ ಬಾಯಿಬಿಟ್ಟ. ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದ.

"ಅಣ್ಣಾ, ನೀವು ಹೋಗಿ ಬಂದ್ರಿ. ನಿಮಗ ಯಾರೂ ಲೆಕ್ಕ ಹೇಳಲಿಲ್ಲ, ಹೋದ್ರಿ. ಈಗ ನಮ್ಮ ಪಾಳಿ ಬಂತು, ನೀವು ಲೆಕ್ಕ ಹೇಳ್ತೀರಿ. ಇಲ್ಲೇ ಇದ್ದು ನಾ ಏನ್ ಮಾಡ್ಲಿ ಹೇಳ್ರಿ?"

ಹತ್ತಿದ ಏಣಿ ಒದೆಯುವವನು ಅಂತ ಅವನು ನನ್ನನ್ನು ನೇರವಾಗಿ ಅನ್ನಲಿಲ್ಲ, ಸಂಸ್ಕಾರವಂತ. ಆದರೆ ಮಾತಿನ ಅರ್ಥ ಅದೇ. ಅವನ ಪ್ರಶ್ನೆಗೆ ಉತ್ತರ ಕೊಡದೆ ಈ ಬರಹ ಮುಗಿಸಿದರೆ ನಾನೂ ಆ ಕರಪತ್ರದಷ್ಟೇ ಸುಳ್ಳುಗಾರ.

ಅವನು ಇಂಜಿನಿಯರಿಂಗ್ ಮುಗಿಸಿದ್ದಾನೆ. ವಿಟಿಯು ಪಠ್ಯದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಉದ್ದೇಶ ಒಳ್ಳೆಯದೇ. ಅವನು ಎಲ್ಲಿ ಮಾಡಿದ ಅಂತ ಕೇಳಿದೆ. ನಕ್ಕ. ಬೆಂಗಳೂರಿನ ಯಾವುದೋ ಎರಡನೇ ಮಹಡಿಯ ಆಫೀಸಿಗೆ ಆರು ಸಾವಿರ ರೂಪಾಯಿ ಫೋನ್‌ಪೇ ಮಾಡಿದನಂತೆ, ಸರ್ಟಿಫಿಕೇಟು ಪಿಡಿಎಫ್‌ನಲ್ಲಿ ಬಂತಂತೆ. ಅವನ ಕ್ಲಾಸಿನ ಅರ್ಧ ಜನ ಹಿಂಗೇ ಮಾಡಿದ್ದಾರೆ. ಅಲ್ಲಿ ಕೆಲಸ ಮಾಡಲು ನಾನು 700 ಡಾಲರ್ ಕಟ್ಟಿದೆ, ಇಲ್ಲಿ ಕೆಲಸ ಮಾಡದಿರಲು ಅವನು 6,000 ರೂಪಾಯಿ ಕಟ್ಟಿದ. ಕಲಿಯುವ ಹುಡುಗನ ಜೇಬಿಗೆ ಕೈ ಹಾಕೋದರಲ್ಲಿ ಎರಡು ದೇಶವೂ ಅಣ್ಣತಮ್ಮಂದಿರೇ.

ಆದರೂ ಒಂದು ವ್ಯತ್ಯಾಸ ಮುಚ್ಚಿಡಬಾರದು. ನೆವಾಡಾದಲ್ಲಿ ನಾನು ನಿಜವಾಗಿ ಕಲಿತೆ. ಅಮೆರಿಕದ ಚಿನ್ನದಲ್ಲಿ ಸುಮಾರು ಮುಕ್ಕಾಲು ಪಾಲು ಆ ಒಂದು ರಾಜ್ಯದಿಂದ ಬರುತ್ತದೆ. ಅಲ್ಲಿನ ತೆರೆದ ಗಣಿಗಳಲ್ಲಿ ಟನ್ನಿಗೆ ಒಂದು ಗ್ರಾಮಿನ ಆಸುಪಾಸು ಸಿಕ್ಕರೂ ಬಿಡೋದಿಲ್ಲ, ಕಲ್ಲನ್ನು ರಾಶಿ ಹಾಕಿ ಸೈನೈಡ್ ದ್ರಾವಣ ಹನಿಸಿ ತೆಗೆಯುತ್ತಾರೆ. ಅಲ್ಲಿನ ಕಾನೂನಿನ ಪ್ರಕಾರ ಹೊಸಬರಿಗೆ ಮೇಲ್ಮೈ ಗಣಿಯಾದರೆ 24 ಗಂಟೆ, ನೆಲದೊಳಗಿನ ಗಣಿಯಾದರೆ 40 ಗಂಟೆ ಸುರಕ್ಷತಾ ತರಬೇತಿ. ಮೂರನೇ ದಿನ ಒಬ್ಬ ಫೋರ್‌ಮನ್ ನನಗೆ, ಬರೀ ಇಂಟರ್ನ್‌ಗೆ, ಹೇಳಿದ: ಅಪಾಯ ಅನಿಸಿದರೆ ನೀನೂ ಕೆಲಸ ನಿಲ್ಲಿಸಬಹುದು, ಯಾರ ಅಪ್ಪಣೆಯೂ ಬೇಡ. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಛಲೋ ಮಾತು ಹೇಳ್ಯಾನ ನೋಡು" ಅಂದ.

ಅಲ್ಲೇ ಇನ್ನೊಂದು ಮರ್ಯಾದೆಯೂ ಹೋಯಿತು. ನನ್ನ ಮೇಲಿದ್ದ ಭೂವಿಜ್ಞಾನಿ ಹಟ್ಟಿಯ ಹೆಸರು ಕೇಳಿದ್ದೇ ತಡ, ನಿಮ್ಮೂರಿನ ಪ್ರಾಚೀನ ಗಣಿ ಕುಣಿಗಳನ್ನು ನೋಡಿದ್ದೀಯಾ ಅಂದ. ನೂರಾರು ಅಡಿ ಆಳಕ್ಕೆ, ಬೆಂಕಿ ಹಚ್ಚಿ ಕಲ್ಲು ಬಿರಿಸಿ, ಎರಡು ಸಾವಿರ ವರ್ಷದ ಹಿಂದೆ ಅಗೆದವರು ನಿಮ್ಮವರು ಅಂದ. ನಾನು ತಲೆ ತಗ್ಗಿಸಿದೆ. ಮಸ್ಕಿಯ ಶಾಸನ, ಅಶೋಕನ ಹೆಸರನ್ನು ಜಗತ್ತಿಗೆ ಖಚಿತ ಮಾಡಿಕೊಟ್ಟ ಆ ಬಂಡೆ, 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ಗೆ. ಹುಟ್ಟಿದ್ದು ಹಟ್ಟಿಯಲ್ಲಿ, ಮಸ್ಕಿ ಹತ್ತಿರದ ಊರು, ಇದನ್ನೆಲ್ಲಾ ತಿಳಿದುಕೊಳ್ಳಲು 22 ಲಕ್ಷ ಸಾಲ ಮಾಡಿ ನೆವಾಡಾಕ್ಕೆ ಹೋಗಬೇಕಾಯಿತು. ಯಾಕೆ? ಇಲ್ಲಿ ಓದುವಾಗ ಯಾವ ಕಾಲೇಜೂ ನಮಗೆ "ಹೋಗ್ರಿ, ನಿಮ್ಮೂರಿನ ಗಣಿಯಲ್ಲಿ ಎರಡು ತಿಂಗಳು ಕಲಿತು ಬರ್ರಿ" ಅನ್ನಲಿಲ್ಲ. ನಾವೂ ಕೇಳಲಿಲ್ಲ.

ಕಾಕಾನ ಮಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. 1947ರಿಂದ ಕಂಪನಿ ನಡೆಸುತ್ತಿರುವ ಚಿನ್ನದ ಗಣಿ ಇರುವ ಜಿಲ್ಲೆ ಇದು. ಶಕ್ತಿನಗರದಲ್ಲಿ 1,720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರ ಇದೆ. ಸಿಂಧನೂರಿನ ಸುತ್ತ ರೈಸ್ ಮಿಲ್ಲುಗಳಿವೆ. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. 371(ಜೆ) ಬಂದು ದಶಕ ದಾಟಿತು, ಸೀಟಿನಲ್ಲಿ ಮೀಸಲಾತಿ, ನೌಕರಿಯಲ್ಲಿ ಮೀಸಲಾತಿ ಬಂತು, ಒಳ್ಳೆಯದಾಯಿತು. ಆದರೆ ಸೀಟಿಗೂ ನೌಕರಿಗೂ ನಡುವೆ ಕೈಗೆ ಕೆಲಸ ಕಲಿಸುವ ಆರು ತಿಂಗಳೇನಿದೆ, ಅದನ್ನು ಬೆಂಗಳೂರಿನ ಎರಡನೇ ಮಹಡಿಗೆ ಬಿಟ್ಟುಕೊಟ್ಟಿದ್ದೇವೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಲಿಯುವವನಿಗೆ ಸ್ಟೈಪೆಂಡ್ ಕೊಡಲೇಬೇಕು. 2019ರ ತಿದ್ದುಪಡಿಯಲ್ಲಿ ಪದವೀಧರನಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ನಿಗದಿ ಮಾಡಿದ್ದರು. ಅಮೆರಿಕದ ಗಂಟೆಗೆ 22 ಡಾಲರ್ ಮುಂದೆ ಇದು ಏನೂ ಅಲ್ಲ, ಒಪ್ಪಿದೆ. ಆದರೆ ಇದಕ್ಕೆ ಗದ್ದೆ ಒತ್ತೆ ಇಡಬೇಕಿಲ್ಲ. ನಮ್ಮ ಶಾಸಕರು, ಸಂಘದವರು, ಕಾಲೇಜಿನವರು ವಿದೇಶಕ್ಕೆ ಹೋದವನಿಗೆ ಶಾಲು ಹೊದಿಸುವ ಬದಲು ಜಿಲ್ಲೆಯ ಪ್ರತಿಯೊಂದು ದೊಡ್ಡ ಕಾರ್ಖಾನೆಯಲ್ಲಿ ಎಷ್ಟು ಅಪ್ರೆಂಟಿಸ್ ಜಾಗ ಇವೆ, ಎಷ್ಟು ತುಂಬಿವೆ, ಅದರಲ್ಲಿ ನಮ್ಮ ಹುಡುಗ ಹುಡುಗಿಯರೆಷ್ಟು ಅಂತ ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು ಹಾಕಲಿ. ಆ ಬೋರ್ಡಿಗೆ ನಾನೇ ಹಾರ ಹಾಕುತ್ತೇನೆ.

ಉಳಿದರ್ಧ ಉತ್ತರ: ಹೋಗಬೇಡ ಅಂತ ನಾನು ಹೇಳೋದಿಲ್ಲ. ಹೋಗೋದಿದ್ದರೆ ಕಣ್ಣು ತೆರೆದು ಹೋಗು. ಸಹಿ ಹಾಕುವ ಮುಂಚೆ ಕಾಕಾ ಕೇಳಬೇಕಾದ ಪ್ರಶ್ನೆಗಳನ್ನು ಅವತ್ತು ಸಾಲದ ಅರ್ಜಿಯ ಹಿಂದೆಯೇ ಬರೆದುಕೊಟ್ಟೆ. ಆ ಕೋರ್ಸಿನಲ್ಲಿ ಹೋದ ವರ್ಷ ಸೇರಿದ ನಮ್ಮ ಕಡೆಯ ಮೂರು ಜನರ ಫೋನ್ ನಂಬರ್ ಕೊಡ್ರಿ, ಕನ್ಸಲ್ಟೆನ್ಸಿಯವರು ಆರಿಸಿದವರದಲ್ಲ, ನಾವೇ ಹುಡುಕಿದವರದು. ಅವರಲ್ಲಿ ಎಷ್ಟು ಜನರಿಗೆ ಇಂಟರ್ನ್‌ಶಿಪ್ ಸಿಕ್ಕಿತು? ಅದಕ್ಕೆ ಕಾಲೇಜು ಎಷ್ಟು ಫೀ ಕಟ್ಟಿಸಿಕೊಂಡಿತು? ಕನ್ಸಲ್ಟೆನ್ಸಿಗೆ ಆ ಕಾಲೇಜು ತಲೆಗೆ ಎಷ್ಟು ಕಮಿಷನ್ ಕೊಡುತ್ತದೆ? ಫೀ ಮಾಫಿ ಆಗುವ ಸಹಾಯಕ ಹುದ್ದೆ ಇದೆಯೇ, ಇಲ್ಲದಿದ್ದರೆ ಪೂರ್ತಿ 45 ಲಕ್ಷವೂ ಸಾಲವೇ? ಇಂಟರ್ನ್‌ಶಿಪ್ ಸಿಗಲೇ ಇಲ್ಲ, ಲಾಟರಿಯೂ ಬರಲಿಲ್ಲ, ಮೂರು ವರ್ಷಕ್ಕೆ ವಾಪಸ್ ಬಂದ ಅಂತ ಇಟ್ಟುಕೊಂಡರೆ ಇಲ್ಲಿನ ಸಂಬಳದಲ್ಲಿ ಕಂತು ಕಟ್ಟಬಹುದೇ? ಕೊನೆಯ ಪ್ರಶ್ನೆಗೆ ಹೌದು ಅನ್ನುವ ಉತ್ತರ ಇದ್ದರೆ ಹೋಗಲಿ, ನಾನೇ ಹೈದರಾಬಾದಿನ ಏರ್‌ಪೋರ್ಟಿಗೆ ಬಿಟ್ಟು ಬರುತ್ತೇನೆ.

ನನಗೆ ಆ ಉತ್ತರ ಹೌದಾಗಿತ್ತು. ಅದಕ್ಕೆ ಕಾರಣ ನನ್ನ ಬುದ್ಧಿವಂತಿಕೆಯಲ್ಲ. ಅಪ್ಪನಿಗೆ ಪರ್ಮನೆಂಟ್ ನೌಕರಿ ಇತ್ತು, ಪಿಎಫ್ ಇತ್ತು, ಒತ್ತೆಗೆ ಮನೆ ಇತ್ತು. ಸಾಲ ಹೋದ ವರ್ಷ ತೀರಿತು. ನಮ್ಮ ಓಣಿಯಲ್ಲೇ ನನಗಿಂತ ಚೆನ್ನಾಗಿ ಓದುತ್ತಿದ್ದ ಇಬ್ಬರಿದ್ದರು. ಅವರ ಅಪ್ಪಂದಿರದು ಗುತ್ತಿಗೆ ಕೂಲಿ. ಅವರ ಫೋಟೋ ಯಾವ ಗ್ರೂಪಿನಲ್ಲೂ ತಿರುಗುತ್ತಿಲ್ಲ.

ನನ್ನಂತೆ ಹೋದವರಿಗೆ, ಹೋಗಿ ಬಂದವರಿಗೆ ಒಂದೇ ಮಾತು. ಮಂಜಿನಲ್ಲಿ ನಿಂತ ಫೋಟೋ ಹಾಕ್ರಿ, ಕಂಪನಿಯ ಬೋರ್ಡಿನ ಮುಂದೆ ನಿಂತದ್ದೂ ಹಾಕ್ರಿ. ಕೆಳಗೆ ಲೆಕ್ಕವನ್ನೂ ಬರೀರಿ. ಸಾಲ ಎಷ್ಟು, ಯಾರ ಮನೆ ಒತ್ತೆ, ಎಷ್ಟು ಅರ್ಜಿ, ಎಷ್ಟು ನಿರಾಕರಣೆ, ಕೊನೆಗೆ ಕೈಯಲ್ಲಿ ಉಳಿದದ್ದೆಷ್ಟು. ಮರ್ಯಾದೆ ಹೋಗುತ್ತದೆ ಅನಿಸಿದರೆ ಊರಲ್ಲಿ ಯಾರದೋ ಹೊಲ ಹೋಗುತ್ತದೆ ಅನ್ನೋದನ್ನು ಒಂದು ಸಲ ನೆನಪಿಸಿಕೊಳ್ರಿ.

ಕಾಕಾ ಅವತ್ತು ಸಹಿ ಮಾಡುತ್ತೇನೆ ಅನ್ನಲಿಲ್ಲ, ಮಾಡೋದಿಲ್ಲ ಅಂತಲೂ ಅನ್ನಲಿಲ್ಲ. ನನ್ನ ಪ್ರಶ್ನೆಗಳ ಕಾಗದ ಮಡಚಿ ಪಹಣಿಯ ಜೊತೆಗಿಟ್ಟುಕೊಂಡು, ಅವ್ವ ಕೊಟ್ಟ ಎಳ್ಳು ಬೆಲ್ಲ ಬಾಯಿಗೆ ಹಾಕಿಕೊಂಡು ಹೊರಟರು. ರಾತ್ರಿ ನಾನು ಆ ಹಳೇ ಫೋಟೋದ ಕೆಳಗೆ ಮೇಲಿನ ಲೆಕ್ಕವನ್ನೆಲ್ಲಾ ಬರೆದೆ. ಲಾಟರಿಯ ವಿಷಯ, ಶಾಲಿನ ವಿಷಯ, ತಟ್ಟೆ ತೊಳೆದ ವಿಷಯ. ಅವ್ವ ಎರಡು ದಿನ ಮಾತು ಬಿಟ್ಟಳು.

ಫೋಟೋಗೆ 412 ಲೈಕ್ ಇದ್ದವು. ಲೆಕ್ಕ ಬರೆದ ಮೇಲೆ ಇವತ್ತಿನವರೆಗೆ ಹೊಸದಾಗಿ ಬಿದ್ದದ್ದು ಒಂಬತ್ತು. ಅದರಲ್ಲಿ ಒಂದು ಕಾಕಾನ ಮಗನದು.